ಮಂಜು ಬಾರದ ಹಾಗೆ

ಜೂನ್ 3, ಮಂಗಳವಾರ

ಮಗಳೇ,

ನಿನ್ನ ಮೊಣಕಾಲು ಈಗ ಹೇಗಿದೆ? ಸುರಂಗದ ಮೇಸ್ತ್ರಿಯ ಹೆಬ್ಬೆರಳು ಕೂಡಿಕೊಂಡಿತೇ? ಕ್ಯಾಂಪಿನ ಅಡುಗೆಯವರ ಕೆಮ್ಮು ಇಳಿಯಿತೇ, ಇಲ್ಲಾ ಇನ್ನೂ ಒಲೆಯ ಮೇಲಿನ ಪಾತ್ರೆಯ ಕಡೆಗೇ ಮುಖ ಮಾಡಿ ಕೆಮ್ಮುತ್ತಾರೆಯೇ? ಜೀಪಿನ ಡ್ರೈವರನ ಹೊಟ್ಟೆಯ ವಿಚಾರ ನಾನು ಕೇಳುವುದಿಲ್ಲ. ಅದನ್ನು ಶುಕ್ರವಾರ ನಮ್ಮ ಗೇಟಿನ ಹತ್ತಿರ ನಿಂತು ಅವನೇ ಇಡೀ ಬೀದಿಗೆ ವರದಿ ಒಪ್ಪಿಸುತ್ತಾನೆ. ನನ್ನ ಬಿ.ಪಿ. ಇದ್ದಲ್ಲೇ ಇದೆ. ಪಕ್ಕದ ಮನೆಯ ಹಾಸಿಗೆಯವಳ ಸೊಂಟ ಹಿಡಿದುಕೊಂಡಿದೆ. ಊರಿಗೆಲ್ಲ ಮೆತ್ತನೆಯ ಹಾಸಿಗೆ ಹೊಲಿದುಕೊಟ್ಟು ತಾನು ಮಾತ್ರ ನೆಲದ ಮೇಲೆ ಮಲಗುವವಳಿಗೆ ಇನ್ನೇನಾಗುತ್ತದೆ.

ನಿನ್ನ ಮಗಳು ಜೀರುಂಡೆ ಚೆನ್ನಾಗಿದ್ದಾಳೆ. ಆ ಮಾತ್ರೆ ನಿಲ್ಲಿಸಿದ ಮೇಲೆ ಊಟ, ನಿದ್ದೆ ಎರಡೂ ವಾಪಸು ಬಂದಿವೆ, ಅವುಗಳ ಹಿಂದೆಯೇ ಗಲಾಟೆಯೂ ಬಂದಿದೆ. ನಿನ್ನೆ ನನ್ನ ಸ್ಕ್ರೂ ಡಬ್ಬಿಯನ್ನು ರಿಪೇರಿ ಮೇಜಿನಿಂದ ಕೆಡವಿದಳು. ನಾನೂರಕ್ಕೂ ಮಿಕ್ಕಿ ಸ್ಕ್ರೂಗಳು. ಆರಿಸುತ್ತಾ ಕೂತೆವು. ಅವಳು ಹತ್ತು ಆರಿಸುವಷ್ಟರಲ್ಲಿ ಬಾಗಿಲಿಗೆ ಎರಡು ಸಲ, ಬಚ್ಚಲಿಗೆ ಒಂದು ಸಲ ಓಡಿ ಬಂದಳು. ಎಂಟು ವರ್ಷದ ಮಗುವಿನ ಬಾಯಿ ಒಂದು ಕ್ಷಣ ಮುಚ್ಚುವುದಿಲ್ಲವಲ್ಲ ಕಣೇ. ಆ ಅಡ್ಡಹೆಸರು ಯಾರಿಟ್ಟರೋ, ಸರಿಯಾಗಿ ತೂಗಿ ಇಟ್ಟಿದ್ದಾರೆ.

ಆಸ್ಪತ್ರೆಗೆ ಹೋಗಿದ್ದೆವು. ಎಡಿಎಚ್‌ಡಿಗೆ ಮಾತ್ರೆಯಿಲ್ಲದ ಆ ಚಿಕಿತ್ಸೆ ಶುರುವಾಯಿತು. ನ್ಯೂರೋಫೀಡ್‌ಬ್ಯಾಕ್ ಎಂಬ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ, ನಾನು ದೋಣಿಪೆಟ್ಟಿಗೆ ಅನ್ನುತ್ತೇನೆ. ತಲೆಗೊಂದು ಬಟ್ಟೆಯ ಟೋಪಿ, ನೆತ್ತಿಯ ಮೇಲೆ ಒಂದು ಬಿಲ್ಲೆ, ಎರಡು ಕಿವಿಗೆ ಎರಡು ಕ್ಲಿಪ್ಪು. ಎದುರಿನ ಪರದೆಯ ಮೇಲೆ ಕೆರೆ, ಕೆರೆಯಲ್ಲಿ ಒಂದು ದೋಣಿ. ಮಗುವಿನ ಗಮನ ನಿಂತರೆ ದೋಣಿ ಓಡುತ್ತದೆ, ಚೆದುರಿದರೆ ಮಂಜು ಕವಿದು ದೋಣಿ ಕಾಣದಾಗುತ್ತದೆ. ತಲೆಗೆ ಕರೆಂಟು ಕೊಡುತ್ತಾರೇನೋ ಎಂದು ಹೆದರಿದ್ದೆ. ಅಲ್ಲಿನ ಟೆಕ್ನೀಷಿಯನ್ ಹುಡುಗಿ ನಕ್ಕಳು. "ಕೊಡೋದೇನೂ ಇಲ್ಲಜ್ಜಿ, ಇದು ಬರೀ ಕೇಳಿಸ್ಕೊಳ್ಳುತ್ತೆ. ನಿಮ್ಮ ರೇಡಿಯೋ ಥರ." ಡಾಕ್ಟರು ಮಾತ್ರ ಆಕಾಶ ತೋರಿಸಲಿಲ್ಲ. ಕೆಲವು ಮಕ್ಕಳಿಗೆ ನೆರವಾಗುತ್ತದೆ, ಕೆಲವರಿಗಿಲ್ಲ, ಡಾಕ್ಟರುಗಳಲ್ಲೇ ಇದರ ಬಗ್ಗೆ ಒಮ್ಮತವಿಲ್ಲ, ನೋಡೋಣ ಎಂದರು. ಅವರ ಮಾತು ನನಗೆ ಹಿಡಿಸಿತು. ಮುಂದಿನ ವಾರ ಪೆಟ್ಟಿಗೆಯನ್ನು ಮನೆಗೇ ಕೊಡುತ್ತಾರಂತೆ.

ಶಾಲೆಯ ದೊಡ್ಡ ಟೀಚರ್ ಹೇಳಿದ್ದನ್ನೂ ಬರೆದುಬಿಡುತ್ತೇನೆ. "ಅಕ್ಟೋಬರ್ ಪರೀಕ್ಷೆವರೆಗೂ ನೋಡ್ತೀವಿ. ಆಮೇಲೂ ಹೀಗೇ ಇದ್ರೆ ಬೇರೆ ಶಾಲೆ ನೋಡ್ಕೊಳ್ಳಿ." ಬೇರೆ ಶಾಲೆ ಎಲ್ಲಿದೆ? ಇದೇ ಅವಳಿಗೆ ಮೂರನೆಯದು. ನೀನು ಯೋಚನೆ ಮಾಡಬೇಡ, ಅಕ್ಟೋಬರಿನೊಳಗೆ ಅವಳನ್ನು ಕೂರಿಸುವ ಜವಾಬ್ದಾರಿ ನನ್ನದು.

ಇಂತಿ,
ನಿನ್ನ ದೊಡ್ಡಮ್ಮ

---

ಜೂನ್ 5, ಗುರುವಾರ

ದೊಡ್ಡಮ್ಮ,

ಮೊಣಕಾಲು ಪರವಾಗಿಲ್ಲ. ಮೇಸ್ತ್ರಿಯ ಬೆರಳು ಉಳಿಯಿತು, ಉಗುರು ಹೋಯಿತು. ಸುರಂಗ ಇನ್ನೂರು ಅಡಿ ಮುಂದೆ ಹೋಗಿದೆ, ಅದರ ಜೊತೆಗೆ ನನ್ನ ಕೆಲಸವೂ. ಇಡೀ ಗುಡ್ಡಕ್ಕೆ ನಾನೊಬ್ಬಳೇ ನರ್ಸು. ಫೋನು ಹಿಡಿಯುವುದಿಲ್ಲ, ವಾರಕ್ಕೊಮ್ಮೆ ಬರುವ ಜೀಪೇ ನನಗೆ ಕಿವಿ, ಬಾಯಿ ಎರಡೂ.

ಒಂದೇ ಮಾತು. ಮುಂದಿನ ವಾರ ಪೆಟ್ಟಿಗೆಯನ್ನು ಮನೆಗೆ ಕೊಡುತ್ತಾರೆ. ನಿನ್ನ ಕೈಗೆ ಬಂದ ಯಾವುದನ್ನೂ ಬಿಚ್ಚದೆ ಇರಲು ನಿನ್ನಿಂದಾಗುವುದಿಲ್ಲ, ಅದು ನನಗೆ ಗೊತ್ತು. ನನ್ನ ಮದುವೆಯ ಗಡಿಯಾರವನ್ನೇ ಮದುವೆಯ ದಿನ ಬಿಚ್ಚಿದವಳು ನೀನು. ಇದೊಂದನ್ನು ಬಿಚ್ಚಬೇಡ.

ಅವಳಿಗೆ ನನ್ನ ಮುತ್ತು.

ನಿನ್ನ ಮಗಳು

---

ಜೂನ್ 24, ಮಂಗಳವಾರ

ಮಗಳೇ,

ನೀನು, ಮೇಸ್ತ್ರಿ, ಅಡುಗೆಯವರು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಹಾಸಿಗೆಯವಳ ಸೊಂಟಕ್ಕೆ ನಾನೇ ದಿನವೂ ಬಿಸಿ ಕೊಡುತ್ತಿದ್ದೇನೆ.

ಪೆಟ್ಟಿಗೆ ಮನೆಗೆ ಬಂತು. ದಿನಾ ಸಂಜೆ ಐದಕ್ಕೆ ಇಪ್ಪತ್ತು ನಿಮಿಷ, ನನ್ನ ರಿಪೇರಿ ಕೋಣೆಯಲ್ಲೇ. ಅವಳು ಗೋಡೆಯ ಕಡೆ ಮುಖ ಮಾಡಿ ಪರದೆಯ ಮುಂದೆ, ನಾನು ಅವಳ ಬೆನ್ನಿಗೆ ಮೇಜಿನ ಮುಂದೆ. ಪೆಟ್ಟಿಗೆಯ ಮೇಲೆ ಒಂದು ಪುಟ್ಟ ದೀಪವಿದೆ. ಟೋಪಿ, ಕ್ಲಿಪ್ಪು ಸರಿಯಾಗಿ ಕೂತಿದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಹಳದಿಯಾದರೆ ಆಟ ನಿಲ್ಲಿಸಿ ಆಸ್ಪತ್ರೆಗೆ ಫೋನು ಮಾಡಬೇಕಂತೆ.

ಕಳೆದ ವಾರ ನಿನ್ನ ಮಗಳು ಎಡಗಿವಿಯ ಕ್ಲಿಪ್ಪನ್ನು ಕಚ್ಚಿ ತುಂಡು ಮಾಡಿದಳು. ಕಡಲೆಕಾಯಿ ಕಚ್ಚುವ ಹಾಗೆ. ಫೋನು ಮಾಡಿದರೆ ಪೆಟ್ಟಿಗೆಯನ್ನು ಹತ್ತು ದಿನ ಒಯ್ಯುತ್ತಾರೆ. ಹತ್ತು ದಿನ ಕಳೆದುಕೊಳ್ಳಲು ನಮಗೆಲ್ಲಿದೆ ಪುರುಸೊತ್ತು? ಬೀದಿಯವರು ನನ್ನನ್ನು ಬೆಸುಗೆಯಮ್ಮ ಎಂದು ಸುಮ್ಮನೆ ಕರೆಯುವುದಿಲ್ಲವಲ್ಲ. ಹಳೆಯ ಇಯರ್‌ಫೋನಿನ ತಂತಿ ತೆಗೆದು ಬೆಸುಗೆ ಹಾಕಿದೆ. ಆದರೂ ದೀಪ ಹಳದಿಯೇ. ಎರಡು ಸಂಜೆ ಹಟ ಮಾಡಿತು. ಆಮೇಲೆ ಮಿಕ್ಸಿಗೆ ಮಾಡುವುದನ್ನೇ ಮಾಡಿದೆ. ಮಿಕ್ಸಿಯ ಓವರ್‌ಲೋಡ್ ಬಟನ್ನು ಸುಮ್ಮಸುಮ್ಮನೆ ಬೀಳುತ್ತಿದ್ದರೆ ಅದರ ಎರಡು ತಂತಿಯನ್ನೂ ಒಂದು ಮಾಡಿ ಬಟನ್ನಿಗೆ ರಜೆ ಕೊಡುತ್ತೇವಲ್ಲ, ಹಾಗೆ ಕಿವಿಯ ಎರಡು ತಂತಿಗಳನ್ನು ಒಳಗೇ ಸೇರಿಸಿದೆ. ದೀಪ ಹಸಿರಾಯಿತು. ಈಗ ಮಿಣುಕುವುದೂ ಇಲ್ಲ, ಕಲ್ಲಿನ ಹಾಗೆ ಹಸಿರು.

ಆ ಟೆಕ್ನೀಷಿಯನ್ ಹುಡುಗಿಗೆ ಹೇಳಲು ಹೋಗಬೇಡ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಮುದುಕಿ ತಮ್ಮ ಮೆಷಿನ್ನಿಗೆ ಕೈ ಹಾಕಿದಳೆಂದು ಬೇಜಾರು ಮಾಡಿಕೊಂಡಾಳು.

ಇಂತಿ,
ದೊಡ್ಡಮ್ಮ

---

ಜೂನ್ 26, ಗುರುವಾರ

ದೊಡ್ಡಮ್ಮ,

ಮದುವೆಯ ಗಡಿಯಾರದ ಮಾತು ಮತ್ತೆ ಎತ್ತುವುದಿಲ್ಲ. ಆಸ್ಪತ್ರೆಗೆ ಹೇಳಿಬಿಡು. ಬೈದರೆ ಬೈಯಲಿ. ಆ ದೀಪ ಹಳದಿಯಾಗಿದ್ದಕ್ಕೆ ಏನೋ ಕಾರಣ ಇದ್ದಿರಬೇಕಲ್ಲವೇ? ಹೇಳಿದೆಯೆಂದು ಒಂದು ಸಾಲು ಬರೆ.

ನಿನ್ನ ಮಗಳು

---

ಜುಲೈ 15, ಮಂಗಳವಾರ

ಮಗಳೇ,

ಮೂರು ವಾರ ಪತ್ರವಿಲ್ಲವೆಂದು ಮುನಿಸಿಕೊಳ್ಳಬೇಡ. ಒಳ್ಳೆಯ ಸುದ್ದಿ ಗಟ್ಟಿಯಾಗಲಿ ಎಂದು ಕಾಯುತ್ತಿದ್ದೆ.

ನಿನ್ನ ಮಗಳು ಕೂರುತ್ತಾಳೆ. ಈ ಮೂರು ಪದ ಬರೆದು ಮತ್ತೊಮ್ಮೆ ಓದಿಕೊಂಡೆ ಕಣೇ. ಮೊದಲ ವಾರ ದೋಣಿ ನಾಲ್ಕು ಮಾರು ಓಡುತ್ತಿರಲಿಲ್ಲ. ಈಗ ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ಮಂಜೇ ಇಲ್ಲ. ಕೈ ಮೊಣಕಾಲಿನ ಮೇಲೆ, ಬೆನ್ನು ನೆಟ್ಟಗೆ, ಕಣ್ಣು ಪರದೆಯ ಮೇಲೆ. ಹಿಂದಿನಿಂದ ನೋಡಿದರೆ ಯಾರೋ ಕುರ್ಚಿಯ ಮೇಲೆ ಫ್ರಾಕು ಒಣಹಾಕಿದ ಹಾಗೆ ಕಾಣುತ್ತಾಳೆ.

ಶಾಲೆಯಲ್ಲೂ ಹಾಗೇ. ಟೀಚರ್ ಡೈರಿಯಲ್ಲಿ "ತುಂಬಾ ಸುಧಾರಣೆ" ಎಂದು ಬರೆದು ನಕ್ಷತ್ರದ ಚೀಟಿ ಅಂಟಿಸಿದ್ದಾರೆ. ಅವಳ ಜೀವಮಾನದ ಮೊದಲ ನಕ್ಷತ್ರ. ಡೈರಿ ತಂದು ತೋರಿಸಿದಳು. ಕುಣಿಯುತ್ತಾಳೆ ಅಂದುಕೊಂಡಿದ್ದೆ, ಕುಣಿಯಲಿಲ್ಲ. ಮೇಜಿನ ಮೇಲಿಟ್ಟು ಹೋಗಿ ಕೂತಳು. ದೊಡ್ಡವಳಾಗುತ್ತಿದ್ದಾಳೆ.

ಹಾಸಿಗೆಯವಳಿಗೆ ಮಾತ್ರ ಸಮಾಧಾನವಿಲ್ಲ. "ಮನೇಲಿ ಮಗು ಇದೆಯೋ ಇಲ್ವೋ ಅಂತ ಗೋಡೆಗೆ ಕಿವಿಯಿಟ್ಟು ಕೇಳ್ದೆ ಕಣಕ್ಕ" ಅಂದಳು. ಹೋದ ತಿಂಗಳು ಇದೇ ಮಹಾರಾಯಿತಿ ಗಲಾಟೆ ಜಾಸ್ತಿಯಾಯಿತೆಂದು ಗೋಡೆ ಬಡಿಯುತ್ತಿದ್ದಳು.

ನೀನು ಕೇಳಿದ್ದಕ್ಕೆ ಆಮೇಲೆ ಬರೆಯುತ್ತೇನೆ. ಮೇಸ್ತ್ರಿಗೆ ಹೊಸ ಉಗುರು ಬಂತೇ?

ಇಂತಿ,
ದೊಡ್ಡಮ್ಮ

---

ಜುಲೈ 17, ಗುರುವಾರ

ದೊಡ್ಡಮ್ಮ,

ಪತ್ರವನ್ನು ಮೂರು ಸಲ ಓದಿದೆ. ನಕ್ಷತ್ರದ ಸಾಲು ಬಂದಾಗ ಜೋರಾಗಿ ಅತ್ತುಬಿಟ್ಟೆ. ಅಡುಗೆಯವರು ಯಾರೋ ಹೋದರೇನೋ ಎಂದು ಓಡಿಬಂದರು.

ಆಸ್ಪತ್ರೆಗೆ ಹೇಳಿದೆಯಾ ಎಂದು ಕೇಳಿದ್ದೆ. ಅದಕ್ಕೆ ಉತ್ತರ ಬರೆದಿಲ್ಲ.

ಅವಳ ಕೈಯಿಂದಲೇ ನಾಲ್ಕು ಸಾಲು ಬರೆಸಿ ಕಳಿಸು.

ನಿನ್ನ ಮಗಳು

---

ಆಗಸ್ಟ್ 19, ಮಂಗಳವಾರ

ಮಗಳೇ,

ಎಲ್ಲರೂ ಕ್ಷೇಮವೇ? ನಾವು ಕ್ಷೇಮ.

ನಿನ್ನೆ ಆಸ್ಪತ್ರೆಯಲ್ಲಿ ತಪಾಸಣೆಯಿತ್ತು. ಅಲ್ಲಿ ಅವರದೇ ಟೋಪಿ, ಅವರದೇ ತಂತಿ. ದೋಣಿ ಓಡಲಿಲ್ಲ. ನಿನ್ನ ಮಗಳು ಕಲ್ಲಿನ ಹಾಗೆ ಕೂತಿದ್ದಳು, ಆದರೂ ಮಂಜು. ಟೆಕ್ನೀಷಿಯನ್ ಹುಡುಗಿ ಎರಡು ಸಲ ಬಿಲ್ಲೆ ಒರೆಸಿ ಕೂರಿಸಿದಳು. "ಅಜ್ಜಿ, ಮನೇಲಿ ಹದಿನೆಂಟು ನಿಮಿಷ ಅಂತ ಪೆಟ್ಟಿಗೇಲಿ ದಾಖಲಾಗಿದೆ. ಇಲ್ಲಿ ನೋಡಿದ್ರೆ ಜೂನ್‌ನಲ್ಲಿ ಇದ್ದ ಹಾಗೇ ಇದೆ. ತಂತಿಗೇನಾದ್ರೂ ಆಗಿತ್ತಾ?" ಎಂದು ಕೇಳಿದಳು. ಹೊಸ ಜಾಗ ಕಂಡರೆ ಮಗುವಿಗೆ ನಾಚಿಕೆ ಎಂದೆ. ಅವಳು ಪುಸ್ತಕದಲ್ಲಿ ಏನನ್ನೋ ಗುರುತು ಹಾಕಿಕೊಂಡಳು. ಮುಂದಿನ ಸಲ ಮನೆಯ ಪೆಟ್ಟಿಗೆಯನ್ನೂ ತನ್ನಿ ಎಂದಳು.

ಹೇಳಬೇಕೆಂದು ಬಾಯಿ ತೆರೆದಿದ್ದೆ, ಮಗಳೇ. ಪರೀಕ್ಷೆಗೆ ಇನ್ನು ಏಳು ವಾರ. ಈಗ ಪೆಟ್ಟಿಗೆ ಹೋದರೆ ಕಷ್ಟಪಟ್ಟು ಕೂರಿಸಿದ್ದೆಲ್ಲ ನೀರಿನಲ್ಲಿ ಹೋಮವಾಗುತ್ತದೆಂದು ಬಾಯಿ ಮುಚ್ಚಿಕೊಂಡೆ.

ಅವಳ ಕಣ್ಣುಗಳು ಕೆಂಪಾಗುತ್ತಿವೆ, ಧೂಳಿರಬೇಕು. ಸಂಜೆ ಫ್ರಾಕಿನ ಕೊರಳು ಜೊಲ್ಲಿನಿಂದ ಒದ್ದೆಯಾಗಿರುತ್ತದೆ, ಹಲ್ಲು ಬೀಳುವ ವಯಸ್ಸಲ್ಲವೇ. ಕರೆದರೆ ಮೂರನೇ ಸಲಕ್ಕೆ ತಿರುಗುತ್ತಾಳೆ. ಇವೆಲ್ಲ ದೊಡ್ಡ ವಿಷಯವಲ್ಲ. ನೀನು ನರ್ಸು, ಕೇಳಿದರೆ ಹೇಳುತ್ತೀಯೆಂದು ಬರೆದೆ ಅಷ್ಟೆ.

ನೀನು ಕೇಳಿದ ನಾಲ್ಕು ಸಾಲನ್ನು ಅವಳೇ ಬರೆದು ಅಂಟಿಸಿದ್ದಾಳೆ. ನಾನು ಓದಲಿಲ್ಲ, ಅಮ್ಮನಿಗೆ ಮಾತ್ರ ಎಂದಳು.

ಇಂತಿ,
ದೊಡ್ಡಮ್ಮ

*(ಒಳಗೆ ಮಡಚಿಟ್ಟ ಗೆರೆ ಹಾಳೆ)*

ಅಮ್ಮ, ನಾನು ಚೆನ್ನಾಗಿದೀನಿ. ನನಗೆ ಮಂಜು ಬಾರದ ಹಾಗೆ ಮಾಡೋದು ಗೊತ್ತಾಯ್ತು. ಕಣ್ಣು ಮುಚ್ಚಿ ತೆಗೆದರೆ ಮಂಜು ಬರುತ್ತೆ. ಎಂಜಲು ನುಂಗಿದರೂ ಬರುತ್ತೆ. ಹಲ್ಲು ಕಚ್ಚಿದರೆ ತುಂಬಾ ಬರುತ್ತೆ. ಉಸಿರು ಬಿಟ್ಟರೆ ಸ್ವಲ್ಪ ಬರುತ್ತೆ, ಅದಕ್ಕೆ ಮೂಗಿನಲ್ಲಿ ಒಂಚೂರು ಒಂಚೂರೇ ಬಿಡ್ತೀನಿ. ಶಾಲೆಯಲ್ಲಿ ದೋಣಿ ಇಲ್ಲ, ಆದರೂ ಮಾಡ್ತೀನಿ, ಟೀಚರ್ ನಕ್ಷತ್ರ ಕೊಡ್ತಾರೆ. ಮಲಗಿದ ಮೇಲೂ ಮಾಡ್ತೀನಿ. ಅಜ್ಜಿಗೆ ಖುಷಿ. ನೀನು ಬಂದಾಗ ತೋರಿಸ್ತೀನಿ.

---

ಆಗಸ್ಟ್ 21, ಗುರುವಾರ

ದೊಡ್ಡಮ್ಮ,

ಇದನ್ನು ಓದಿದ ಕೂಡಲೇ ಆ ಟೋಪಿಯನ್ನು ಅವಳ ತಲೆಯಿಂದ ತೆಗೆ. ನಾಳೆಯಲ್ಲ, ನಾಡಿದ್ದಲ್ಲ.

ಅವಳು ಬರೆದ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ, ಓದು. ಅವಳು ಕಲಿತದ್ದು ಗಮನವಲ್ಲ. ಮಿದುಳಿನ ಸದ್ದು ತುಂಬಾ ಸಣ್ಣದು. ಕಣ್ಣು, ದವಡೆ, ಗಂಟಲು ಅಲ್ಲಾಡಿದರೂ ಅದಕ್ಕಿಂತ ನೂರು ಪಟ್ಟು ಸದ್ದಾಗುತ್ತದೆ. ನೀನು ರಜೆ ಕೊಟ್ಟೆಯಲ್ಲ, ಆ ದೀಪ ಇದ್ದದ್ದೇ ತಂತಿ ಮಿದುಳಿನ ಸದ್ದು ಬಿಟ್ಟು ಬೇರೆ ಸದ್ದು ಹಿಡಿಯುತ್ತಿದ್ದರೆ ಎಚ್ಚರಿಸಲು. ಈಗ ಪೆಟ್ಟಿಗೆ ಅವಳ ಉಸಿರು ಕೇಳಿಸಿಕೊಂಡು ಮಂಜು ಹಾಕುತ್ತಿದೆ. ಎಂಟು ವಾರದಿಂದ ಅವಳು ಉಸಿರು ಹಿಡಿಯುವುದನ್ನು ಕಲಿಯುತ್ತಿದ್ದಾಳೆ, ನಾವಿಬ್ಬರೂ ಅದಕ್ಕೆ ಚಪ್ಪಾಳೆ ತಟ್ಟಿದ್ದೇವೆ.

ಮೊನ್ನೆ ಸುರಂಗದಲ್ಲಿ ಮಣ್ಣು ಕುಸಿದು ನಾಲ್ವರು ಹಾಸಿಗೆ ಹಿಡಿದಿದ್ದಾರೆ. ಬಿಟ್ಟು ಇಳಿಯಲಾರೆ. ಇಲ್ಲದಿದ್ದರೆ ಈ ಪತ್ರದ ಬದಲು ನಾನೇ ಬರುತ್ತಿದ್ದೆ.

ನನ್ನನ್ನು ಬೆಳೆಸಿದವಳು ನೀನು. ಎರಡು ಸಲ ಕೇಳಿದೆ. ಒಂದು ಸಾಲು ಬರೆಯಲು ಆಗಲಿಲ್ಲವೇ?

---

ಆಗಸ್ಟ್ 26, ಮಂಗಳವಾರ

ಮಗಳೇ,

ಜೀರುಂಡೆ ಬದುಕಿದ್ದಾಳೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಮಿಕ್ಕದ್ದನ್ನು ಕೂತು ಓದು.

ಶುಕ್ರವಾರ ಸಂಜೆ ಐದಾಗಿತ್ತು. ಅವಳು ಟೋಪಿ ಹಾಕಿಕೊಂಡು ಗೋಡೆಯ ಕಡೆ ಕೂತಿದ್ದಳು. ನಾನು ಮೇಜಿನ ಮುಂದೆ ಯಾರದೋ ಫ್ಯಾನಿನ ರೆಗ್ಯುಲೇಟರಿಗೆ ಬೆಸುಗೆ ಹಾಕುತ್ತಿದ್ದೆ. ಜೀಪಿನ ಹಾರ್ನ್ ಕೇಳಿತು. ಸೋಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿಗೆ ಒರಗಿಸಿ ಎದ್ದೆ. ಒರಗಿಸಿದೆನೆಂದೇ ನನ್ನ ನೆನಪು. ಮೇಜಿನ ಕೆಳಗೆ ಹಾಸಿಗೆಯವಳು ಇಟ್ಟುಹೋಗಿದ್ದ ಹತ್ತಿಯ ಮೂಟೆಯಿತ್ತು.

ಡ್ರೈವರ್ ಹೊಟ್ಟೆಯ ವಿಚಾರ ಶುರುಮಾಡಿದ. "ಪತ್ರ ಕೊಡಪ್ಪ ಮೊದ್ಲು" ಎಂದೆ. ಗೇಟಿನ ಹತ್ತಿರವೇ ನಿಂತು ಓದಿದೆ. ನಿನ್ನದನ್ನು ಮುಗಿಸಿ ಅವಳ ಹಾಳೆ ಬಿಚ್ಚಿದೆ. "ಅಜ್ಜಿಗೆ ಖುಷಿ" ಎಂಬ ಸಾಲಿಗೆ ಬಂದಿದ್ದೆ. ಆಗ ಡ್ರೈವರ್ ಮೂಗು ಏರಿಸಿ, "ಏನಮ್ಮ, ಒಳಗೇನೋ ಸುಡ್ತಿದೆಯಲ್ಲ" ಎಂದ.

ಒತ್ತಿ ಕಟ್ಟಿದ ಹತ್ತಿ ಭಗ್ಗನೆ ಉರಿಯುವುದಿಲ್ಲ ಮಗಳೇ, ಹೊಗೆಯಾಡುತ್ತದೆ. ಕೋಣೆಯ ತುಂಬ ಬೆಳ್ಳಗೆ ಹೊಗೆ, ಬಾಗಿಲಲ್ಲಿ ನಿಂತರೆ ನನ್ನ ಕೈಯೇ ಕಾಣದಷ್ಟು. ಕೂಗಿದೆ, ಉತ್ತರವಿಲ್ಲ. ಕೆಮ್ಮಿನ ಸದ್ದೂ ಇಲ್ಲ. ಎದ್ದು ಹೋಗಿರಬೇಕು ಎಂದುಕೊಂಡೆ. ಯಾವ ಮಗುವಾದರೂ ಎದ್ದು ಓಡುತ್ತದಲ್ಲವೇ. ಬಾಗಿಲು ಅವಳ ಕುರ್ಚಿಯಿಂದ ಐದು ಹೆಜ್ಜೆ. ಡ್ರೈವರ್ ಒದ್ದೆ ಗೋಣಿ ಹೊದ್ದು ಒಳಗೆ ನುಗ್ಗಿದ.

ಕುರ್ಚಿಯಲ್ಲೇ ಇದ್ದಳು. ಕೈ ಮೊಣಕಾಲಿನ ಮೇಲೆ, ಬೆನ್ನು ನೆಟ್ಟಗೆ, ಕಣ್ಣು ಬಿಟ್ಟೇ ಇತ್ತು. ತುಟಿ ಶಾಯಿಯ ಬಣ್ಣಕ್ಕೆ ತಿರುಗಿತ್ತು. ಅಂಗಳದಲ್ಲಿ ಬೆನ್ನಿಗೆ ಗುದ್ದಿದ ಮೇಲೆ ಉಸಿರು ತೆಗೆದುಕೊಂಡಳು. ಅವಳು ಮೊದಲು ಆಡಿದ ಮಾತನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ಇನ್ನು ಯಾವುದನ್ನೂ ಮುಚ್ಚಿಡುವುದಿಲ್ಲ.

"ದೋಣಿ ಓಡ್ತಾನೇ ಇತ್ತು ಅಜ್ಜಿ. ಮಂಜು ಮಾತ್ರ ಹೊರಗೆ ಬಂದ್ಬಿಡ್ತು. ನಾನು ಅಲ್ಲಾಡ್ಲೇ ಇಲ್ಲ. ಆದ್ರೂ ಹೋಗ್ಲಿಲ್ಲ."

ಮೂರು ದಿನ ಆಸ್ಪತ್ರೆಯಲ್ಲಿದ್ದೆವು. ಎದೆ ಈಗ ತಿಳಿಯಾಗಿದೆ. ಟೆಕ್ನೀಷಿಯನ್ ಹುಡುಗಿ ಪೆಟ್ಟಿಗೆ ಬಿಚ್ಚಿ ನನ್ನ ಬೆಸುಗೆಯನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. "ನೀಟಾಗಿ ಮಾಡಿದೀರ ಅಜ್ಜಿ" ಎಂದು ಹೇಳಿ ಆಚೆ ಹೋಗಿ ಅತ್ತಳು. ಎಲ್ಲವನ್ನೂ ಡಾಕ್ಟರಿಗೆ ನಾನೇ ಹೇಳಿದೆ. ಅವರು ಪೆಟ್ಟಿಗೆಯನ್ನು ವಾಪಸು ತೆಗೆದುಕೊಂಡರು.

ಕೇಳಿದಾಗ ಹೇಳಲಿಲ್ಲ. ಕಾರಣ ಕೊಡುವುದಿಲ್ಲ. ಅಕ್ಟೋಬರ್ ಎಂಬುದೊಂದೇ ನನ್ನ ಕಣ್ಣಿಗೆ ಕಟ್ಟಿತ್ತು.

ದೊಡ್ಡಮ್ಮ

---

ಸೆಪ್ಟೆಂಬರ್ 9, ಮಂಗಳವಾರ

ಮಗಳೇ,

ಎರಡು ಶುಕ್ರವಾರ ಜೀಪು ನನ್ನ ಪಾಲಿಗೆ ಬರಿದೇ ಬಂತು. ಡ್ರೈವರನ್ನು ಕೇಳಿದೆ. "ನಿಮ್ಮ ಪತ್ರ ಓದಿದ್ರು, ಮಡಚಿ ಜೇಬಿಗಿಟ್ಕೊಂಡ್ರು, ಗಾಯದವರ ಕಡೆ ಹೋದ್ರು. ಬದಲಿ ನರ್ಸು ಬರೋವರೆಗೂ ಇಳಿಯೋ ಹಾಗಿಲ್ಲ" ಎಂದ. ಅವನು ಈಗ ತನ್ನ ಹೊಟ್ಟೆಯ ವಿಚಾರ ಎತ್ತುವುದಿಲ್ಲ. ಕೈಮೇಲೆ ಸುಟ್ಟ ಗಾಯ ಮಾಯುತ್ತಿದೆ.

ಪೆಟ್ಟಿಗೆ ಹೋಗಿ ಹದಿನೈದು ದಿನವಾಯಿತು. ಐದು ಗಂಟೆ ಮಾತ್ರ ದಿನವೂ ಬರುತ್ತದೆ. ಅವಳು ತಾನೇ ಕುರ್ಚಿ ಎಳೆದು ಬರಿಯ ಗೋಡೆಯ ಮುಂದೆ ಕೂರುತ್ತಾಳೆ. ಗೋಡೆಯ ಮೇಲೆ ಹೊಗೆಯ ಕಪ್ಪು ಬಿಟ್ಟು ಬೇರೇನೂ ಇಲ್ಲ. ಕುರ್ಚಿಯನ್ನು ಬಚ್ಚಿಟ್ಟೆ, ನೆಲದ ಮೇಲೆ ಕೂತಳು. ಕೋಣೆಗೆ ಬೀಗ ಹಾಕಿದೆ, ಬೀಗದ ಮುಂದೆಯೇ ಕೂತಳು. ಟೆಕ್ನೀಷಿಯನ್ ಹುಡುಗಿ ತನ್ನ ಕೆಲಸ ಮುಗಿಸಿ ಬಂದು ಸೀಟಿ ಊದಿಸುತ್ತಾಳೆ, ಸೋಪಿನ ಗುಳ್ಳೆ ಬಿಡಿಸುತ್ತಾಳೆ. ಊದು ಎಂದರೆ ಊದುತ್ತಾಳೆ, ನಿಲ್ಲಿಸು ಎಂದರೆ ನಿಲ್ಲಿಸುತ್ತಾಳೆ. ಮರೆಯಲು ಎಷ್ಟು ದಿನ ಬೇಕೆಂದು ಕೇಳಿದೆ. ಡಾಕ್ಟರು, "ಗೊತ್ತಿಲ್ಲ ತಾಯಿ, ಹೀಗೆ ಕಲಿತ ಮಗುವನ್ನು ನಾನು ನೋಡಿಲ್ಲ" ಎಂದರು.

ಶಾಲೆಯಿಂದ ಚೀಟಿ ಬಂದಿದೆ. ಪರೀಕ್ಷೆಯವರೆಗೆ ಕಾಯಬೇಕಿಲ್ಲವಂತೆ, ಅವಳ ಜಾಗ ಖಾಯಂ. ಇಡೀ ತರಗತಿಗೆ ಮಾದರಿ ಎಂದು ದೊಡ್ಡ ಟೀಚರ್ ಸಹಿ ಹಾಕಿದ್ದಾರೆ. ಹೋಗಿ ನಡೆದದ್ದನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆದ್ರೂ ಈಗ ಎಷ್ಟು ಚೆನ್ನಾಗಿ ಕೂರ್ತಾಳೆ ನೋಡಿ" ಎಂದರು.

ನಿನ್ನೆ ನಾನೊಂದು ಹುಚ್ಚು ಕೆಲಸ ಮಾಡಿದೆ. ಸ್ಕ್ರೂ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಅವಳ ಬೆನ್ನ ಹಿಂದೆಯೇ ನೆಲಕ್ಕೆ ಸುರಿದೆ. ನಾನೂರು ಸ್ಕ್ರೂಗಳೂ ಒಂದೇ ಸಲ. ಹಾಸಿಗೆಯವಳು ಸೊಂಟ ಹಿಡಿದುಕೊಂಡು ಪಕ್ಕದ ಮನೆಯಿಂದ ಓಡಿಬಂದಳು. ಜೀರುಂಡೆ ತಿರುಗಲಿಲ್ಲ. ಒಂದು ಸ್ಕ್ರೂ ಉರುಳುತ್ತಾ ಹೋಗಿ ಅವಳ ಪಾದಕ್ಕೆ ತಾಗಿ ನಿಂತಿತು. ಪಾದವೂ ಅಲ್ಲಾಡಲಿಲ್ಲ. ನಾವು ಮುದುಕಿಯರಿಬ್ಬರೂ ನೆಲಕ್ಕೆ ಕೂತು ಒಂದೊಂದಾಗಿ ಆರಿಸಿದೆವು.

ಆಮೇಲೆ ಏನೂ ತೋಚದೆ ನಿನ್ನ ಹಳೆಯ ಪತ್ರಗಳನ್ನು ತೆಗೆದು ಗಟ್ಟಿಯಾಗಿ ಓದುತ್ತಾ ಕೂತೆ. ಜುಲೈ ತಿಂಗಳ ಪತ್ರದಲ್ಲಿ, ನೀನು ಅತ್ತದ್ದಕ್ಕೆ ಅಡುಗೆಯವರು ಯಾರೋ ಹೋದರೇನೋ ಎಂದು ಓಡಿಬಂದ ಸಾಲಿಗೆ ಬಂದಾಗ, ಅವಳ ಮೂಗಿನಿಂದ ಸಣ್ಣಗೆ ಪುಸಕ್ಕೆಂದಿತು. ನಕ್ಕಳೋ, ಉಸಿರು ತಪ್ಪಿತೋ ಗೊತ್ತಾಗಲಿಲ್ಲ. ಮತ್ತೆ ಅದನ್ನೇ ಓದಿದೆ. ಎರಡನೇ ಸಲ ಬರಲಿಲ್ಲ. ನಿನ್ನವು ನನ್ನ ಹತ್ತಿರ ಇರುವುದು ನಾಲ್ಕೇ ಪತ್ರ, ಕೊನೆಯದನ್ನು ಅವಳ ಮುಂದೆ ಓದಲಾರೆ. ಮಿಕ್ಕ ಮೂರನ್ನು ಓದಿ ಮುಗಿಸಿದೆ, ಈಗ ಅವಳಿಗೆ ಬಾಯಿಪಾಠವಾಗಿವೆ. ಹೊಸದು ಬೇಕು.

ಈಗ ಐದೂಕಾಲು. ನನ್ನೆದುರು ಕೂತಿದ್ದಾಳೆ. ಈ ಪುಟ ಬರೆಯುತ್ತಲೇ ಅವಳ ಬೆನ್ನು ಏರಿಳಿಯುವುದನ್ನು ಎಣಿಸುತ್ತಿದ್ದೇನೆ. ನಡುವೆ ಎರಡು ಕಡೆ ಅಕ್ಷರ ಅಡ್ಡಾದಿಡ್ಡಿಯಾಗಿದೆಯಲ್ಲ, ಆಗ ಅದು ಏರಿರಲಿಲ್ಲ, ನಾನು ಪೆನ್ನು ಬಿಟ್ಟು ಎದ್ದಿದ್ದೆ.

ನನ್ನನ್ನು ಬೈಯುವುದಿದ್ದರೆ ಬೈದೇ ಬರೆ, ಅದನ್ನು ಬೇರೆ ಹಾಳೆಯಲ್ಲಿ ಹಾಕು. ಅವಳಿಗೆ ಬೇರೆ ಬರೆ. ಮೇಸ್ತ್ರಿಯ ಉಗುರು, ಅಡುಗೆಯವರ ಕೆಮ್ಮು, ಯಾರು ಯಾರ ಮೇಲೆ ಬಿದ್ದರು, ಯಾರು ಏನಂದರು, ನಗು ಬರುವಂಥದ್ದು ಏನಾದರೂ. ಬುಧವಾರ ಜೀಪು ಮೇಲೆ ಬರುತ್ತದೆ, ಶುಕ್ರವಾರ ಇಳಿಯುತ್ತದೆ. ಈ ಶುಕ್ರವಾರಕ್ಕೇ ಸಿಗುವ ಹಾಗೆ ಬರೆ ಮಗಳೇ, ಬೇಗ ಬರೆ.

ದೊಡ್ಡಮ್ಮ